ಸರ್ಕಾರಿ ಕಚೇರಿಗಳ ಸ್ಥಳ ಹಂಚಿಕೆ: ಬೆಂಗಳೂರು ದಂಡು ಮತ್ತು ಪೂರ್ವ ಭಾಗ

ಸರ್ಕಾರದ ಯಾವ ಇಲಾಖೆ ಯಾವ ಕಟ್ಟಡದ ಯಾವ ಮಹಡಿಯಲ್ಲಿ ಕೂರಬೇಕು, ಯಾವ ಅಧಿಕಾರಿಗೆ ಎಷ್ಟು ದೊಡ್ಡ ಕೊಠಡಿ, ಕಡತಗಳಿಗೆ ಎಷ್ಟು ಜಾಗ, ಬಾಡಿಗೆ ಯಾರು ಕಟ್ಟಬೇಕು, ಲಿಫ್ಟ್ ಕೆಟ್ಟರೆ ಯಾರಿಗೆ ಪತ್ರ ಬರೆಯಬೇಕು ಎಂಬುದನ್ನೆಲ್ಲ ನಿರ್ಧರಿಸುವ ಆಡಳಿತ ಕಾರ್ಯವೇ ಕಚೇರಿ ಸ್ಥಳದ ಹಂಚಿಕೆ ಮತ್ತು ನಿರ್ವಹಣೆ. ಕೇಂದ್ರ ಸರ್ಕಾರದ ಕಚೇರಿಗಳಿಗೆ ಜಾಗ ಹಂಚಲು ದೆಹಲಿಯಲ್ಲಿ ಎಸ್ಟೇಟ್ಸ್ ನಿರ್ದೇಶನಾಲಯವಿದೆ. ಕಟ್ಟುವುದು, ದುರಸ್ತಿ ಮಾಡುವುದು ಕೇಂದ್ರ ಲೋಕೋಪಯೋಗಿ ಇಲಾಖೆಯ ಪಾಲು. ಅಮೆರಿಕ 1949ರಲ್ಲಿ, ಬ್ರಿಟನ್ 2018ರಲ್ಲಿ ಇದಕ್ಕೆಂದೇ ಒಂದೊಂದು ಸಂಸ್ಥೆಯನ್ನು ಕಟ್ಟಿಕೊಂಡವು. ಕರ್ನಾಟಕದಲ್ಲಿ ಇದು ಹಲವು ಕೈಗಳಲ್ಲಿ ಹಂಚಿಹೋಗಿರುವ ಕೆಲಸ.

ಅದರ ಪರಿಣಾಮವನ್ನು ನೋಡಲು ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವಕ್ಕೆ ಹಬ್ಬಿದ ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್.ಪುರಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಎರಡು ಶತಮಾನಗಳಲ್ಲಿ ಇಲ್ಲಿ ಆಳುವವರು ಹಲವು ಸಲ ಬದಲಾದರು. ಕಟ್ಟಡಗಳು ಅಷ್ಟು ಸಲ ಬದಲಾಗಲಿಲ್ಲ. ಅಗತ್ಯವನ್ನು ಅಳೆದು ಜಾಗ ಕೊಟ್ಟ ಕಚೇರಿಗಳು ಇಲ್ಲಿ ಕಡಿಮೆ. ಹಿಂದಿನವರು ಬಿಟ್ಟುಹೋದ ಕೊಠಡಿಗೆ ತಮ್ಮನ್ನು ಹೊಂದಿಸಿಕೊಂಡ ಕಚೇರಿಗಳೇ ಹೆಚ್ಚು.

ಕೋಟೆಯಿಂದ ಅಠಾರಾ ಕಚೇರಿಗೆ

1831ರಲ್ಲಿ ಮೈಸೂರು ಸಂಸ್ಥಾನದ ಆಡಳಿತವನ್ನು ಬ್ರಿಟಿಷರು ಕೈಗೆತ್ತಿಕೊಂಡ ಮೇಲೆ ಕಮಿಷನರ ಕಚೇರಿಗಳು ಬೆಂಗಳೂರಿಗೆ ಬಂದವು. ಬಂದು ಕೂತದ್ದು ಕೋಟೆಯೊಳಗಿನ ಟಿಪ್ಪು ಅರಮನೆಯಲ್ಲಿ. ಬೇಸಿಗೆ ಕಳೆಯಲು ಕಟ್ಟಿದ ಮರದ ಅರಮನೆಯೊಂದು ಮೂರು ದಶಕಕ್ಕೂ ಹೆಚ್ಚು ಕಾಲ ಸಚಿವಾಲಯವಾಗಿ ದುಡಿಯಿತು. ಇಲಾಖೆಗಳು ಹೆಚ್ಚಿದವು, ಕಾಗದಗಳು ಹೆಚ್ಚಿದವು, ಅರಮನೆ ಜೀರ್ಣವಾಯಿತು. ಕೊನೆಗೆ 1864ರಿಂದ 1868ರ ನಡುವೆ ಈಗಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಕೆಂಪು ಬಣ್ಣದ, ಸಾಲುಗಂಬಗಳ ಕಟ್ಟಡ ಎದ್ದಿತು. ಮೇಲ್ವಿಚಾರಣೆ ಎಂಜಿನಿಯರ್ ರಿಚರ್ಡ್ ಸ್ಯಾಂಕಿಯವರದು, ಗುತ್ತಿಗೆ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರದು. ಸರ್ಕಾರದ ಹದಿನೆಂಟು ಇಲಾಖೆಗಳು ಇಲ್ಲಿಗೆ ಬಂದುದರಿಂದ ಜನ ಇದನ್ನು ಅಠಾರಾ ಕಚೇರಿ ಎಂದರು. ಮೊದಲಿಯಾರರು ದಂಡಿನವರು, 1873ರಲ್ಲಿ ಅವರು ಆರಂಭಿಸಿದ ಶಾಲೆಯಿಂದ ಬೆಳೆದ ಆರ್‌ಬಿಎಎನ್‌ಎಂ ವಿದ್ಯಾಸಂಸ್ಥೆಗಳು ಹಲಸೂರಿನ ಕಡೆಯವರಿಗೆ ಇಂದಿಗೂ ಪರಿಚಿತ.

ಜಾಗ ಹಂಚಿಕೆಯ ದೃಷ್ಟಿಯಿಂದ ಅಠಾರಾ ಕಚೇರಿಯ ಹೆಗ್ಗಳಿಕೆ ಅದರ ಕಂಬಗಳಲ್ಲಿಲ್ಲ. ಇಲಾಖೆಗಳನ್ನು ಮೊದಲು ಎಣಿಸಿ ಆಮೇಲೆ ಕಟ್ಟಡ ಕಟ್ಟಿದ ಉದಾಹರಣೆ ಇದು. ಪೇಟೆಗೂ ದಂಡಿಗೂ ನಡುವಿನ ಬಯಲಿನಲ್ಲಿ, ಎರಡೂ ಕಡೆಯವರು ನಡೆದೇ ಬರಬಹುದಾದ ಜಾಗವನ್ನು ಆರಿಸಿದ್ದೂ ಸಣ್ಣ ವಿಷಯವಲ್ಲ. ನಂತರದ ನೂರೈವತ್ತು ವರ್ಷಗಳಲ್ಲಿ ಈ ಎರಡು ವಿವೇಕಗಳು ಒಟ್ಟಿಗೆ ಕಾಣಿಸಿದ್ದು ಅಪರೂಪ.

ವಿಧಾನಸೌಧದ ಕಥೆಯನ್ನೇ ನೋಡಿ. 1951ರ ಜುಲೈ 13ರಂದು ಪ್ರಧಾನಿ ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ಮಾಡಿದರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಹಟದಿಂದ ಯೋಜನೆ ಹಿಗ್ಗಿ, 700 ಅಡಿ ಉದ್ದ, 350 ಅಡಿ ಅಗಲದ ಕಲ್ಲಿನ ಸೌಧವಾಗಿ 1956ರಲ್ಲಿ ಮುಗಿಯಿತು. ಎಂಜಿನಿಯರ್ ಬಿ.ಆರ್. ಮಾಣಿಕ್ಯಂ. ಕಟ್ಟುವಾಗ ಲೆಕ್ಕಕ್ಕಿದ್ದದ್ದು ಹಳೆಯ ಮೈಸೂರು ರಾಜ್ಯ. ಮುಗಿದ ವರ್ಷದ ನವೆಂಬರ್ 1ರಂದು ಏಕೀಕರಣವಾಗಿ ರಾಜ್ಯ 19 ಜಿಲ್ಲೆಗಳದ್ದಾಯಿತು. ಅಂದರೆ ಸುಣ್ಣಬಣ್ಣ ಆರುವ ಮೊದಲೇ ಸೌಧ ಚಿಕ್ಕದಾಯಿತು. ಹೈಕೋರ್ಟು ಅಠಾರಾ ಕಚೇರಿಯನ್ನು ಹಿಡಿದುಕೊಂಡಿತು. ಉಕ್ಕಿದ ಇಲಾಖೆಗಳಿಗೆ ಅಂಬೇಡ್ಕರ್ ವೀದಿಯ ಬಹುಮಹಡಿ ಕಟ್ಟಡ, ಆಮೇಲೆ ವಿಶ್ವೇಶ್ವರಯ್ಯ ಗೋಪುರ ಮತ್ತು ಪೋಡಿಯಂ ಬ್ಲಾಕ್, 2005ರಲ್ಲಿ ವಿಕಾಸಸೌಧ ಬಂದವು. ಪ್ರತಿಯೊಂದೂ ಹಿಂದಿನದರ ಇಕ್ಕಟ್ಟಿಗೆ ಕೊಟ್ಟ ಉತ್ತರ. ಈಗ ರಾಜ್ಯಕ್ಕೆ 31 ಜಿಲ್ಲೆಗಳಿವೆ.

ಅಠಾರಾ ಕಚೇರಿಯಲ್ಲೂ ಇಕ್ಕಟ್ಟು ತಪ್ಪಲಿಲ್ಲ. 1980ರ ದಶಕದ ಆರಂಭದಲ್ಲಿ ಅದನ್ನು ಕೆಡವಿ ಹೊಸದನ್ನು ಕಟ್ಟುವ ಯೋಚನೆ ನಡೆದಾಗ ನಾಗರಿಕರು ಹೈಕೋರ್ಟಿಗೇ ಹೋದರು. ಕಟ್ಟಡ ಉಳಿಯಿತು, ಹಿಂಬದಿಯಲ್ಲಿ ವಿಸ್ತರಣೆಯಾಯಿತು. 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಕಬ್ಬನ್ ಪಾರ್ಕಿನ ನೆಲವನ್ನು ಕಾಯುತ್ತದೆ. ಹಾಗಿದ್ದೂ 2019ರಲ್ಲಿ ಪಾರ್ಕಿನೊಳಗಿನ ಹಳೆಯ ಚುನಾವಣಾ ಆಯೋಗದ ಕಟ್ಟಡದ ಜಾಗದಲ್ಲಿ ಏಳು ಮಹಡಿ ಎಬ್ಬಿಸುವ ಪ್ರಸ್ತಾವ ಬಂತು, ನಡಿಗೆದಾರರೂ ವಕೀಲರೂ ಬೀದಿಗಿಳಿದರು. ಹೈಕೋರ್ಟಿನ ಕೆಲವು ಶಾಖೆಗಳು ನೆಲಮಾಳಿಗೆಯಲ್ಲಿ ಕೆಲಸ ಮಾಡುತ್ತಿದ್ದುದೂ ಆ ಹೊತ್ತಿಗೆ ಚರ್ಚೆಗೆ ಬಂತು. ಎರಡೂ ಕಡೆ ನ್ಯಾಯವಿತ್ತು. ಕಚೇರಿಗೆ ಗಾಳಿ ಬೆಳಕು ಬೇಕು, ಊರಿಗೂ ಬೇಕು.

ದಂಡಿನ ಪಾಲು

1809ರಲ್ಲಿ ಸೈನ್ಯ ಬೀಡುಬಿಟ್ಟ ದಂಡು, 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿದಾಗ ಮರಳಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟನ ಕೈಕೆಳಗೆ ಉಳಿಯಿತು. 1862ರಿಂದಲೇ ಪೇಟೆಗೊಂದು, ದಂಡಿಗೊಂದು ಪುರಸಭೆ ಇದ್ದವು. ಹೀಗಾಗಿ ಒಂದೇ ಊರಿನಲ್ಲಿ ಎಲ್ಲವೂ ಎರಡೆರಡು: ಎರಡು ಪುರಸಭೆ, ಎರಡು ಪೊಲೀಸ್, ಎರಡು ಕಂದಾಯ ಲೆಕ್ಕ, ಅವಕ್ಕೆ ತಕ್ಕಂತೆ ಎರಡೆರಡು ಕಚೇರಿ. 1947ರ ಜುಲೈನಲ್ಲಿ ದಂಡು ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ಎರಡು ಪುರಸಭೆಗಳು ಸೇರಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು. ಅಧಿಕಾರ ಒಂದಾದರೂ ಕಟ್ಟಡಗಳು ಎರಡು ಜೊತೆಯಾಗಿಯೇ ಉಳಿದವು. ನಗರದ ಪೂರ್ವ ಭಾಗದಲ್ಲಿ ಕಚೇರಿ ಎಲ್ಲಿರಬೇಕು ಎಂಬ ಪ್ರಶ್ನೆಗೆ ಮೊದಲ ಉತ್ತರ ಅಲ್ಲಿ ಸಿಕ್ಕಿತು: ದಂಡಿನವರ ಕಚೇರಿ ಎಲ್ಲಿತ್ತೋ ಅಲ್ಲಿ.

ಮೇಯೋ ಹಾಲ್ ಇದಕ್ಕೆ ಕಣ್ಣೆದುರಿನ ಸಾಕ್ಷಿ. 1872ರಲ್ಲಿ ಅಂಡಮಾನಿನಲ್ಲಿ ಕೊಲೆಯಾದ ವೈಸರಾಯ್ ಲಾರ್ಡ್ ಮೇಯೋ ನೆನಪಿಗೆ ಕಟ್ಟಿ 1883ರಲ್ಲಿ ತೆರೆದ ಭವನ ಇದು. ಮೇಲಂತಸ್ತು ಸಭೆ ಸಮಾರಂಭಕ್ಕೆ, ಕೆಳಗೆ ದಂಡಿನ ಪುರಸಭೆಯ ಆಡಳಿತ. ಪುರಸಭೆ ಹೋದ ಮೇಲೆ ನ್ಯಾಯಾಲಯಗಳು ಬಂದವು. ನಗರ ಸಿವಿಲ್ ನ್ಯಾಯಾಲಯದ ಮೇಯೋ ಹಾಲ್ ಘಟಕ ವಕೀಲರ ದಿನದ ಮಾತಿನಲ್ಲಿ ಬರಿ 'ಮೇಯೋ ಹಾಲ್'. 2011ರಲ್ಲಿ ಮೇಲಂತಸ್ತಿನಲ್ಲಿ ಕೆಂಪೇಗೌಡ ವಸ್ತುಸಂಗ್ರಹಾಲಯ ತೆರೆಯಿತು. ಅದೇ ಆವರಣದಲ್ಲಿ ಪಾಲಿಕೆಯ ಪೂರ್ವ ವಲಯದ ಕಚೇರಿಯೂ ಇತ್ತು. ವೈಸರಾಯ್ ಸ್ಮಾರಕ, ಊರು ಕಟ್ಟಿದ ನಾಡಪ್ರಭುವಿನ ಸಂಗ್ರಹಾಲಯ, ವ್ಯಾಜ್ಯದ ಕಟಕಟೆ, ಖಾತೆಯ ಅರ್ಜಿ, ಇಷ್ಟೂ ಒಂದು ಕಾಂಪೌಂಡಿನಲ್ಲಿ. ಯಾರೂ ಹೀಗೆಂದು ಯೋಜಿಸಿದ್ದಲ್ಲ. ಖಾಲಿಯಾದ ಕೊಠಡಿಗೆ ಹತ್ತಿರದಲ್ಲಿದ್ದವರು ಬಂದು ಸೇರಿಕೊಂಡರು.

ಪಕ್ಕದಲ್ಲೇ ನಿಂತಿರುವ ಇಪ್ಪತ್ತೈದು ಮಹಡಿಗಳ ಸಾರ್ವಜನಿಕ ಉಪಯೋಗಿ ಕಟ್ಟಡ, ಜನರ ಬಾಯಲ್ಲಿ 'ಯುಟಿಲಿಟಿ ಬಿಲ್ಡಿಂಗ್', ಬೇರೆ ಬಗೆಯ ಯೋಚನೆಯಿಂದ ಹುಟ್ಟಿದ್ದು. 1970ರ ದಶಕದ ಆರಂಭದಲ್ಲಿ ಕಾರ್ಪೊರೇಷನ್ ಇದನ್ನು ಕಟ್ಟಿದ್ದು ಬಾಡಿಗೆ ಆದಾಯಕ್ಕೆ: ಕೆಳಗೆ ಅಂಗಡಿಗಳು, ಒಂದು ಸಿನಿಮಾ ಮಂದಿರ, ಮೇಲೆ ಕಚೇರಿಗಳು. ಸರ್ಕಾರಿ ಕಚೇರಿಯೊಂದು ಇಲ್ಲಿ ಬಾಡಿಗೆಗೆ ಕೂತರೆ, ಸಾರ್ವಜನಿಕ ದುಡ್ಡು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋದಂತೆ. ಕೆಡುಕೇನಿಲ್ಲ, ಆದರೆ ಬಾಕಿ ಉಳಿದರೆ ಯಾರೂ ಯಾರನ್ನೂ ಎಬ್ಬಿಸಲಾರರು. 2010ರ ದಶಕದಲ್ಲಿ ಪಾಲಿಕೆ ತನ್ನ ಹಲವು ಆಸ್ತಿಗಳನ್ನು ಸಾಲ ಕೊಡುವ ಹುಡ್ಕೊ ಸಂಸ್ಥೆಯ ಬಳಿ ಅಡವಿಟ್ಟು ಸಾಲ ಎತ್ತಿದಾಗ ಮೇಯೋ ಹಾಲ್ ಕೂಡ, ಯುಟಿಲಿಟಿ ಕಟ್ಟಡ ಕೂಡ ಆ ಪಟ್ಟಿಯಲ್ಲಿದ್ದವು. ಆಮೇಲೆ ಒಂದೊಂದಾಗಿ ಬಿಡಿಸಿಕೊಳ್ಳಲಾಯಿತು. ಕಚೇರಿ ಜಾಗ ಕೂರುವ ಜಾಗವಷ್ಟೇ ಅಲ್ಲ, ಕಷ್ಟಕಾಲಕ್ಕೆ ಅಡವಿಡುವ ಒಡವೆಯೂ ಹೌದೆಂದು ಆಗ ಗೊತ್ತಾಯಿತು.

ದಂಡಿನ ಉಳಿದ ನೆಲದ ಮೇಲೆ ಸೈನ್ಯದ ಹಿಡಿತ ಇಂದಿಗೂ ದೊಡ್ಡದು. ಹಲಸೂರು ಕೆರೆಯ ಸುತ್ತ ಮದ್ರಾಸ್ ಎಂಜಿನಿಯರ್ ಗ್ರೂಪ್, ಎಂ.ಜಿ. ರಸ್ತೆಯ ಪಕ್ಕ ಮಾಣೆಕ್‌ಷಾ ಪರೇಡ್ ಮೈದಾನ. ರಾಜ್ಯ ಸರ್ಕಾರಕ್ಕೆ ಇಲ್ಲಿ ಹೊಸ ನಿವೇಶನ ಸಿಗುವುದು ಹೆಚ್ಚುಕಡಿಮೆ ಮುಗಿದ ಮಾತು. ಸಿಕ್ಕಿದ್ದು ಹಳೆಯ ಕೆರೆಗಳ ಅಂಗಳ: ವಸಂತನಗರದಲ್ಲಿ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಇರುವ ದೇವರಾಜ ಅರಸು ಭವನದ ವಿಳಾಸವೇ ಮಿಲ್ಲರ್ಸ್ ಟ್ಯಾಂಕ್ ಬೆಡ್. ಕೇಂದ್ರದ ತೆರಿಗೆ ಕಚೇರಿಗಳು ಕ್ವೀನ್ಸ್ ರಸ್ತೆಯ ಸೆಂಟ್ರಲ್ ರೆವಿನ್ಯೂ ಬಿಲ್ಡಿಂಗ್‌ನಲ್ಲಿ, ನಗರ ಪೊಲೀಸ್ ಕಮಿಷನರ್ ಇನ್‌ಫೆಂಟ್ರಿ ರಸ್ತೆಯಲ್ಲಿ. ಕೇಂದ್ರದ ಬಹುಪಾಲು ಇತರ ಕಚೇರಿಗಳನ್ನು ಕೋರಮಂಗಲದ ಕೇಂದ್ರೀಯ ಸದನ ತನ್ನೊಳಗೆ ಸೇರಿಸಿಕೊಂಡಿತು.

ಕೊಠಡಿ ಯಾರಿಗೆ

ವಿಧಾನಸೌಧ, ವಿಕಾಸಸೌಧ, ಬಹುಮಹಡಿ ಕಟ್ಟಡಗಳಲ್ಲಿ ಕೊಠಡಿ ಹಂಚುವುದು ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ. ಶಾಸಕಾಂಗದ ಪಾಲಿನ ಭಾಗದ ಮೇಲೆ ಸಭಾಧ್ಯಕ್ಷರು ಮತ್ತು ಸಭಾಪತಿಗಳ ಮಾತು ನಡೆಯುತ್ತದೆ. ಗೋಡೆ, ನೀರು, ವಿದ್ಯುತ್ತು ಲೋಕೋಪಯೋಗಿ ಇಲಾಖೆಯ ಕಟ್ಟಡ ವಿಭಾಗಕ್ಕೆ. ದುಡ್ಡು ಬೇಕೆಂದರೆ ಹಣಕಾಸು ಇಲಾಖೆಯ ಸಹಮತಿ. ಸಚಿವಾಲಯದ ಹೊರಗಿನ ನಿರ್ದೇಶನಾಲಯ, ನಿಗಮ, ಮಂಡಳಿಗಳು ತಮ್ಮ ತಮ್ಮ ಜಾಗವನ್ನು ತಾವೇ ಹುಡುಕಿಕೊಳ್ಳುತ್ತವೆ. ಒಂದು ಇಲಾಖೆಯ ಕಟ್ಟಡದಲ್ಲಿ ಅರ್ಧ ಮಹಡಿ ಬೀಗ ಹಾಕಿಕೊಂಡಿದ್ದರೂ ಎದುರು ರಸ್ತೆಯ ಇನ್ನೊಂದು ಇಲಾಖೆಗೆ ಅದು ಗೊತ್ತಾಗಬೇಕಿಲ್ಲ.

ಮಂತ್ರಿಗಳ ಸಂಖ್ಯೆಗೆ ಮಿತಿಯಿದೆ. 2003ರ ಸಂವಿಧಾನ ತಿದ್ದುಪಡಿಯ ಪ್ರಕಾರ ಮಂತ್ರಿಮಂಡಲ ವಿಧಾನಸಭೆಯ ಶೇ. 15ನ್ನು ಮೀರುವಂತಿಲ್ಲ, 224 ಸದಸ್ಯರ ಸಭೆಗೆ ಮುಖ್ಯಮಂತ್ರಿಯೂ ಸೇರಿ 34 ಮಂದಿ. ಆದರೆ ಸಂಪುಟ ದರ್ಜೆಯ ಸ್ಥಾನಮಾನ ಪಡೆದ ಸಲಹೆಗಾರರು, ರಾಜಕೀಯ ಕಾರ್ಯದರ್ಶಿಗಳು, ನಿಗಮ ಮಂಡಳಿಗಳ ಅಧ್ಯಕ್ಷರು ಆ ಲೆಕ್ಕದಲ್ಲಿಲ್ಲ. ಪ್ರತಿಯೊಬ್ಬರಿಗೂ ಒಂದು ಛೇಂಬರ್ ಬೇಕು, ಛೇಂಬರಿಗೆ ಅಂಟಿದಂತೆ ಆಪ್ತ ಶಾಖೆ ಬೇಕು, ಬಂದವರು ಕೂರಲು ಸೋಫಾ ಬೇಕು. ಈ ಜಾಗ ಎಲ್ಲಿಂದಲೋ ಬರಬೇಕಲ್ಲ, ಬರುವುದು ಶಾಖೆಗಳಿಂದ. ಶಾಖಾಧಿಕಾರಿ, ವಿಷಯ ನಿರ್ವಾಹಕರು, ಟಪಾಲು ಶಾಖೆಯವರು ಪ್ಲೈವುಡ್ ಪಾರ್ಟಿಶನ್ನಿನ ಆಚೆಗೆ ಇನ್ನಷ್ಟು ಒತ್ತಿಕೊಂಡು ಕೂರುತ್ತಾರೆ. ಹೊಸ ಸರ್ಕಾರ ಬಂದ ಮೊದಲ ತಿಂಗಳಲ್ಲಿ ಸೌಧದ ಕಾರಿಡಾರುಗಳಲ್ಲಿ ಕಾಣುವ ಬಡಗಿಗಳು, ಬಣ್ಣದ ಡಬ್ಬಗಳು, ಹೊರಗೆ ತಂದಿಟ್ಟ ಬೀರುಗಳು ಈ ವರ್ಗಾವಣೆಯ ಗುರುತು.

ವಾಸ್ತು ಎಂಬ ಅಲಿಖಿತ ನಿಯಮವೂ ಒಂದಿದೆ. ಯಾವ ಕೊಠಡಿ 'ಆಗಿಬರುವುದಿಲ್ಲ', ಯಾವ ಬಾಗಿಲು ಮುಚ್ಚಿರಬೇಕು ಎಂಬ ನಂಬಿಕೆಗಳು ಹಂಚಿಕೆಯ ಆದೇಶಕ್ಕಿಂತ ಬಲವಾಗಿ ಕೆಲಸ ಮಾಡಿದ್ದುಂಟು. 2023ರ ಜೂನ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ತಮ್ಮ ಕಚೇರಿಯ ಮುಚ್ಚಿದ್ದ ದಕ್ಷಿಣದ ಬಾಗಿಲನ್ನು ತೆಗೆಸಿ ಅದರ ಮೂಲಕವೇ ಒಳಹೋದಾಗ ಅದು ಪತ್ರಿಕೆಗಳ ಮುಖಪುಟಕ್ಕೆ ಬಂತು. ಒಂದು ಬಾಗಿಲು ತೆರೆದದ್ದು ಸುದ್ದಿಯಾಗುವಷ್ಟು ಆ ನಿಯಮ ಬೇರೂರಿದೆ.

ತಾತ್ಕಾಲಿಕ ಹಂಚಿಕೆ ಎಂಬುದು ಇಲ್ಲಿನ ಇನ್ನೊಂದು ರೂಢಿ. ಆದೇಶದಲ್ಲಿ 'ಮುಂದಿನ ಆದೇಶದವರೆಗೆ' ಎಂದಿರುತ್ತದೆ. ಆ ಮುಂದಿನ ಆದೇಶ ಬರುವ ಹೊತ್ತಿಗೆ ಕೇಳಿದ ಅಧಿಕಾರಿ ನಿವೃತ್ತರಾಗಿರುತ್ತಾರೆ. ಸರ್ಕಾರಿ ಕಟ್ಟಡದಲ್ಲಿ ಅನಧಿಕೃತವಾಗಿ ಕೂತವರನ್ನು ಎಬ್ಬಿಸಲು 1974ರ ಸಾರ್ವಜನಿಕ ಆವರಣಗಳ ಕಾಯ್ದೆ ಇದೆ. ಅದು ಅಂಗಡಿಯವರ ಮೇಲೆ ನಡೆಯುತ್ತದೆ. ಒಂದು ಇಲಾಖೆ ಇನ್ನೊಂದು ಇಲಾಖೆಯ ಮೇಲೆ ಅದನ್ನು ಪ್ರಯೋಗಿಸುವ ಧೈರ್ಯ ಮಾಡುವುದಿಲ್ಲ, ಪತ್ರ ಬರೆದು ಸುಮ್ಮನಾಗುತ್ತದೆ.

ಬಾಡಿಗೆಯ ಮಹಡಿ

ಸ್ವಂತ ಕಟ್ಟಡವಿಲ್ಲದ ಇಲಾಖೆ ಖಾಸಗಿ ಕಟ್ಟಡ ಹಿಡಿಯುವ ಕ್ರಮ ಹೀಗೆ. ಮಂಜೂರಾದ ಹುದ್ದೆಗಳ ಪಟ್ಟಿ ಹಿಡಿದು ಎಷ್ಟು ಚದರ ಅಡಿ ಬೇಕೆಂದು ಪ್ರಸ್ತಾವನೆ ತಯಾರಾಗುತ್ತದೆ. ಸರ್ಕಾರಿ ಕಟ್ಟಡ ಲಭ್ಯವಿಲ್ಲವೆಂದು ದೃಢೀಕರಣ ಬೇಕು. ಲೋಕೋಪಯೋಗಿ ಎಂಜಿನಿಯರ್ ಬಂದು ಅಳೆದು, ಕಟ್ಟಡದ ವಯಸ್ಸು, ನೆಲದ ಬೆಲೆ ನೋಡಿ ನ್ಯಾಯಯುತ ಬಾಡಿಗೆಯನ್ನು ಪ್ರಮಾಣೀಕರಿಸುತ್ತಾರೆ. ಇಂದಿರಾನಗರ 100 ಅಡಿ ರಸ್ತೆಯಂಥ ಕಡೆ ಆ ಅಂಕಿಗೂ ಮಾರುಕಟ್ಟೆ ದರಕ್ಕೂ ಅಜಗಜಾಂತರ. ಮುಖ್ಯರಸ್ತೆಯ ಮಾಲೀಕ ಆ ದರಕ್ಕೆ ಒಪ್ಪುವುದಿಲ್ಲ. ಒಪ್ಪುವವನ ಕಟ್ಟಡ ಅಡ್ಡರಸ್ತೆಯೊಳಗೆ, ಎರಡನೆಯ ಅಥವಾ ಮೂರನೆಯ ಮಹಡಿಯಲ್ಲಿ, ಕಿರಿದಾದ ಮೆಟ್ಟಿಲ ಮೇಲಿರುತ್ತದೆ. ವಯಸ್ಸಾದವರು ಪತ್ರಕ್ಕೆ ಸಹಿ ಹಾಕಲು ಏದುಸಿರು ಬಿಡುತ್ತ ಹತ್ತುವುದಕ್ಕೆ ಕಾರಣ ಯಾರ ನಿರ್ದಯತೆಯೂ ಅಲ್ಲ, ಆ ಪ್ರಮಾಣಪತ್ರದ ಲೆಕ್ಕ.

ಉಪನೋಂದಣಿ ಕಚೇರಿಯನ್ನೇ ಹತ್ತಿರದಿಂದ ನೋಡೋಣ. ಬೆಂಗಳೂರಿನ ಐದು ನೋಂದಣಿ ಜಿಲ್ಲೆಗಳಲ್ಲಿ ಶಿವಾಜಿನಗರ ಒಂದು. ಇಂದಿರಾನಗರ, ಬಾಣಸವಾಡಿ, ಕೆ.ಆರ್.ಪುರ, ವರ್ತೂರು, ಬಿದರಹಳ್ಳಿ ಕಡೆಯ ಕಚೇರಿಗಳು ಅದರ ವ್ಯಾಪ್ತಿಗೆ ಬರುತ್ತವೆ. ಒಂದು ಕ್ರಯಪತ್ರಕ್ಕೆ ಕೊಳ್ಳುವವರು, ಮಾರುವವರು, ಇಬ್ಬರು ಸಾಕ್ಷಿಗಳು ಖುದ್ದಾಗಿ ಬರಬೇಕು; ಫೋಟೊ, ಹೆಬ್ಬೆಟ್ಟು ಅಲ್ಲೇ ಆಗಬೇಕು. ಆಸ್ತಿ ಅಣ್ಣತಮ್ಮಂದಿರದ್ದಾದರೆ ಮಾರುವ ಕಡೆಯೇ ಐದಾರು ಮಂದಿ. ಜೊತೆಗೆ ಪತ್ರ ಬರಹಗಾರ ಅಥವಾ ವಕೀಲ, ಬ್ಯಾಂಕಿನವನು, ಮಧ್ಯವರ್ತಿ. ಒಂದು ಪತ್ರಕ್ಕೆ ಎಂಟು ಜನವೆಂದರೂ ಐದು ಪತ್ರಕ್ಕೆ ನಲವತ್ತು. ಒಳಗಿನ ಸಿಬ್ಬಂದಿ ಹತ್ತಾರು ಮಂದಿ. ಪ್ರಸ್ತಾವನೆಯಲ್ಲಿ ಜಾಗ ಕೇಳುವುದು ಆ ಹತ್ತಾರು ಮಂದಿಗೆ. ನಲವತ್ತು ಮಂದಿ ಮೆಟ್ಟಿಲ ಮೇಲೆ, ಕೆಳಗಿನ ಜೆರಾಕ್ಸ್ ಅಂಗಡಿಯ ಮುಂದೆ, ಸ್ಕೂಟರುಗಳ ನಡುವೆ ನಿಂತಿರುತ್ತಾರೆ. ಕ್ಯಾಮೆರಾದ ಮುಂದೆ ಕೂರುವ ಆ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಬಿಟ್ಟರೆ ಅರ್ಜಿದಾರನಿಗೆಂದು ಕಚೇರಿಯ ನಕಾಶೆಯಲ್ಲಿ ಅಂಗುಲ ಜಾಗವೂ ಇರುವುದಿಲ್ಲ. ಕರ್ನಾಟಕದ ಕಚೇರಿ ಸ್ಥಳ ಹಂಚಿಕೆಯ ಮೂಲ ದೋಷ ಯಾವುದೆಂದು ಕೇಳಿದರೆ ಈ ಲೇಖಕನ ಉತ್ತರ ಇದೇ: ಜಾಗವನ್ನು ಹುದ್ದೆಯಿಂದ ಅಳೆಯುತ್ತಾರೆ, ಬರುವ ಜನರಿಂದ ಅಳೆಯುವುದಿಲ್ಲ.

ಅಳತೆಗೋಲು ಇಲ್ಲವೆಂದಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಕಚೇರಿ ಕಟ್ಟಡಗಳಿಗೆ ಒಬ್ಬರಿಗೆ 10 ಚದರ ಮೀಟರ್ ಎಂದು ಲೆಕ್ಕ ಹಿಡಿಯುತ್ತದೆ. ಅರುವತ್ತು ಮಂದಿಗೆ 600 ಚದರ ಮೀಟರ್, ಅಂದರೆ ಸುಮಾರು 6,450 ಚದರ ಅಡಿ. ಇದು ಬೆಂಕಿ ಬಿದ್ದಾಗ ಎಷ್ಟು ಜನ ಹೊರಬರಬೇಕು, ಬಾಗಿಲು ಮೆಟ್ಟಿಲು ಎಷ್ಟು ಅಗಲವಿರಬೇಕು ಎಂಬುದಕ್ಕೆ ಹಾಕಿದ ಲೆಕ್ಕ. ನಿಂತ ನಲವತ್ತು ಮಂದಿಯನ್ನು ಸೇರಿಸಿದರೆ ಎಷ್ಟೋ ಬಾಡಿಗೆ ಮಹಡಿಗಳು ಈ ಪರೀಕ್ಷೆಯಲ್ಲಿ ಉಳಿಯಲಾರವು. 2010ರ ಫೆಬ್ರವರಿಯಲ್ಲಿ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಬೆಂಕಿಯಲ್ಲಿ ಒಂಬತ್ತು ಜನ ಸತ್ತದ್ದು ಖಾಸಗಿ ಕಚೇರಿ ಕಟ್ಟಡದಲ್ಲಿ. 2023ರ ಆಗಸ್ಟ್‌ನಲ್ಲಿ ಪಾಲಿಕೆಯ ಕೇಂದ್ರ ಕಚೇರಿಯ ಆವರಣದ ಗುಣಮಟ್ಟ ಪ್ರಯೋಗಾಲಯದಲ್ಲಿ ಬೆಂಕಿ ಹತ್ತಿ ಒಂಬತ್ತು ಮಂದಿ ಗಾಯಗೊಂಡರು, ಅವರಲ್ಲಿ ಹಿರಿಯ ಎಂಜಿನಿಯರೊಬ್ಬರು ಆಮೇಲೆ ತೀರಿಕೊಂಡರು. ರಾಸಾಯನಿಕ ಬಳಸುವ ಕೆಲಸವನ್ನೂ ಕಾಗದದ ಕೆಲಸವನ್ನೂ ಒಂದೇ ಕಾಂಪೌಂಡಿನಲ್ಲಿ ಎಲ್ಲಿ, ಹೇಗೆ ಇಡಬೇಕು ಎಂಬುದು ಹಂಚಿಕೆಯ ಪ್ರಶ್ನೆಯೇ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯು ಇರುವ ಎಲ್ಲ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಹೊರಟ ಐದು ವರ್ಷದೊಳಗೆ ಸುಗಮಗೊಳಿಸಬೇಕೆಂದಿತು. ನಿಯಮಗಳು ಬಂದದ್ದು 2017ರಲ್ಲಿ. ಗಡುವು ಮುಗಿದು ವರ್ಷಗಳಾದವು.

ಬಾಡಿಗೆ ಕಚೇರಿ ಸ್ಥಳ ಬದಲಿಸಿದಾಗ ಅದರ ಜೊತೆ ಒಂದು ಸಣ್ಣ ಪೇಟೆಯೇ ಗುಳೆ ಹೋಗುತ್ತದೆ: ನೋಟರಿ, ಪತ್ರ ಬರಹಗಾರರು, ಇ-ಸ್ಟಾಂಪ್ ಕೊಡುವ ಸಹಕಾರ ಸಂಘ, ಜೆರಾಕ್ಸ್, ಪಾಸ್‌ಪೋರ್ಟ್ ಅಳತೆಯ ಫೋಟೊ ತೆಗೆಯುವವನು, ಟೀ ಅಂಗಡಿ. ಹಳೆಯ ವಿಳಾಸದಲ್ಲಿ ಉಳಿಯುವುದು ಬಾಗಿಲಿಗೆ ಅಂಟಿಸಿದ ಒಂದು ಕಾಗದ. ಹೆಸರುಗಳಂತೂ ಇನ್ನೂ ಗೊಂದಲ. ಹಲಸೂರು ಗೇಟ್ ಪೊಲೀಸ್ ಠಾಣೆ ಇರುವುದು ಹಲಸೂರಿನಲ್ಲಲ್ಲ, ಹಡ್ಸನ್ ವೃತ್ತದ ಬಳಿ. ಬೆಂಗಳೂರು ಗ್ರಾಮಾಂತರ ಜಿಲ್ಲಾಧಿಕಾರಿಗಳು ಎಷ್ಟೋ ವರ್ಷ ಕೂತಿದ್ದು ನಗರದ ನಟ್ಟನಡುವೆ, ಪೋಡಿಯಂ ಬ್ಲಾಕಿನಲ್ಲಿ. ದೊಡ್ಡಬಳ್ಳಾಪುರ, ದೇವನಹಳ್ಳಿಯ ರೈತರು ಬೆಂಗಳೂರಿನ ಸಂಚಾರ ದಾಟಿ ತಮ್ಮ 'ಗ್ರಾಮಾಂತರ' ಕಚೇರಿಗೆ ಬರುತ್ತಿದ್ದರು. 1986ರಲ್ಲಿ ರೂಪುಗೊಂಡ ಜಿಲ್ಲೆಗೆ ತನ್ನ ನೆಲದಲ್ಲಿ ಜಿಲ್ಲಾಡಳಿತ ಭವನ ಕಾಣಲು ಮೂರು ದಶಕ ಹಿಡಿಯಿತು.

ಇಂದಿರಾನಗರದಿಂದ ಕೆ.ಆರ್.ಪುರಕ್ಕೆ

ದಂಡಿನ ಪೂರ್ವಕ್ಕೆ ಬಡಾವಣೆಗಳು ಬೆಳೆದಾಗ ಕಚೇರಿಗಳಿಗೆ ನೆಲೆ ಕೊಟ್ಟದ್ದು ಬಹುಮಟ್ಟಿಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಬಡಾವಣೆಯ ನಿವಾಸಿಗಳಿಗೆ ಅಂಗಡಿ ಇರಲೆಂದು ಕಟ್ಟಿದ ಬಿಡಿಎ ಸಂಕೀರ್ಣಗಳಲ್ಲಿ ಸರ್ಕಾರಿ ಕಚೇರಿಗಳೇ ಬಂದು ಸೇರಿದವು. ಇಂದಿರಾನಗರದ ಸಂಕೀರ್ಣ ಒಂದು ತಲೆಮಾರಿಗೆ ಆರ್‌ಟಿಒ ಎಂದೇ ಪರಿಚಯ. ಕೆಎ-03 ನಂಬರಿನ ಗಾಡಿಗಳೆಲ್ಲ ಅಲ್ಲಿ ಹುಟ್ಟಿದವು. ಪಾರ್ಕಿಂಗಿಗೆ ಬಂದ ಕಾರು ಯಾವುದು, ಪರೀಕ್ಷೆಗೆ ಬಂದ ಕಾರು ಯಾವುದು ಎಂದು ಗುರುತಿಸಲಾಗದ ಸ್ಥಿತಿ ಬಂದ ಮೇಲೆ ಆರ್‌ಟಿಒ ಕಸ್ತೂರಿನಗರಕ್ಕೆ ಹೋಯಿತು, ಕೆ.ಆರ್.ಪುರಕ್ಕೆ ಕೆಎ-53 ಬೇರೆಯಾಯಿತು. ಹಳೆಯ ಬಿಡಿಎ ಸಂಕೀರ್ಣಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ಮರುನಿರ್ಮಿಸುವ ಯೋಜನೆ ಬಂದಾಗ ಇಂದಿರಾನಗರದವರು ಜೋರಾಗಿ ವಿರೋಧಿಸಿದರು. ಅಂಗಡಿ ಹೋದರೆ ಹೋಯಿತು, ಹತ್ತಿರದ ಕಚೇರಿ ಹೋದರೆ ಎಲ್ಲಿಗೆ ಓಡುವುದು ಎಂಬ ಚಿಂತೆಯೂ ಆ ವಿರೋಧದಲ್ಲಿತ್ತು ಎಂದುಕೊಳ್ಳಬಹುದು.

ಬಸ್ ನಿಲ್ದಾಣದ ಮೇಲೆ ಕಚೇರಿ ಎಂಬುದು 2010ರ ಆಸುಪಾಸಿನ ಪ್ರಯೋಗ. ಕೇಂದ್ರದ ನಗರ ನವೀಕರಣ ಯೋಜನೆಯ ನೆರವಿನಿಂದ ಬಿಎಂಟಿಸಿ ದೊಮ್ಮಲೂರು, ವೈಟ್‌ಫೀಲ್ಡ್ ಸೇರಿ ಹಲವು ಕಡೆ ಟಿಟಿಎಂಸಿ ಎಂಬ ನಿಲ್ದಾಣ ಸಂಕೀರ್ಣಗಳನ್ನು ಕಟ್ಟಿತು. ಕೆಳಗೆ ಬಸ್ಸು, ಮೇಲೆ ಬಾಡಿಗೆ ಜಾಗ. ಶಾಂತಿನಗರದ ಸಂಕೀರ್ಣದಲ್ಲಿ ಸಾರಿಗೆ ಆಯುಕ್ತರ ಕಚೇರಿ ಕೂತಿದೆ, ನಮ್ಮ ಮೆಟ್ರೊ ನಿಗಮವೂ ಅಲ್ಲೇ ಇದೆ. ಬಸ್ಸಿನಿಂದ ಇಳಿದು ಅದೇ ಕಟ್ಟಡದ ಲಿಫ್ಟ್ ಹತ್ತುವ ಅನುಕೂಲ ಇನ್ನೆಲ್ಲಿದೆ? ಈ ಭಾಗದ ಒಳ್ಳೆಯ ಯೋಚನೆಗಳಲ್ಲಿ ಇದೊಂದು. ಪೂರ್ವದ ನಿಲ್ದಾಣಗಳಲ್ಲಿ ಇದನ್ನು ಇನ್ನೂ ಚೆನ್ನಾಗಿ ಬಳಸಿಕೊಳ್ಳಬಹುದಿತ್ತು. 2011ರ ಅಕ್ಟೋಬರ್‌ನಲ್ಲಿ ಎಂ.ಜಿ. ರಸ್ತೆಯಿಂದ ಹಲಸೂರು, ಇಂದಿರಾನಗರ ದಾಟಿ ಬೈಯಪ್ಪನಹಳ್ಳಿಗೆ ಮೊದಲ ಮೆಟ್ರೊ ಓಡಿತು. 2023ರ ಅಕ್ಟೋಬರ್‌ನಲ್ಲಿ ಕೆ.ಆರ್.ಪುರದ ಕೊಂಡಿಯೂ ಸೇರಿತು. ಈಗ ವೈಟ್‌ಫೀಲ್ಡಿನವರು ವಿಧಾನಸೌಧಕ್ಕೆ ಒಂದೇ ರೈಲಿನಲ್ಲಿ ಬರುತ್ತಾರೆ. ಯಾವ ಕಚೇರಿಗೆ ಯಾವ ಜಾಗ ಸರಿ ಎಂಬ ಲೆಕ್ಕವನ್ನು ಈ ನೇರಳೆ ಮಾರ್ಗದ ನಕಾಶೆ ಎದುರಿಟ್ಟುಕೊಂಡು ಹೊಸದಾಗಿ ಹಾಕಬೇಕಿತ್ತು.

ಕೆ.ಆರ್.ಪುರ ಬೆಂಗಳೂರು ಪೂರ್ವ ತಾಲ್ಲೂಕಿನ ಕೇಂದ್ರ, ಕೆ.ಆರ್.ಪುರ, ಬಿದರಹಳ್ಳಿ, ವರ್ತೂರು ಅದರ ಹೋಬಳಿಗಳು. ಹಳ್ಳಿಯ ತಾಲ್ಲೂಕಿನ ಅಳತೆಗೆ ರೂಪುಗೊಂಡ ಕಂದಾಯ ಕಚೇರಿಯ ಮೇಲೆ ಐಟಿ ಕಾರಿಡಾರಿನ ಪಹಣಿ, ಪೋಡಿ, ಭೂಪರಿವರ್ತನೆಯ ಭಾರ ಬಿದ್ದಿದೆ. ತಾಲ್ಲೂಕು ಮಟ್ಟದ ಇಲಾಖೆಗಳನ್ನು ಒಂದೇ ಸೂರಿನಡಿ ತರುವ ಮಿನಿ ವಿಧಾನಸೌಧಗಳು ರಾಜ್ಯದಾದ್ಯಂತ ನಿಜಕ್ಕೂ ಉಪಕಾರ ಮಾಡಿವೆ. ಆ ಕಟ್ಟಡಗಳಿಗೆ ಒಂದು ಸರ್ಕಾರ ತಾಲ್ಲೂಕು ಆಡಳಿತ ಸೌಧ ಎಂದು ಹೆಸರಿಟ್ಟಿತು, ಮುಂದಿನದು ಹೊಸವಕ್ಕೆ ಪ್ರಜಾಸೌಧ ಎಂದಿತು. ಬೋರ್ಡಿನ ಖರ್ಚು ಅಷ್ಟೇ.

ಪಾಲಿಕೆಯ ಕಡೆ ಬದಲಾವಣೆ ಇನ್ನೂ ವೇಗದ್ದು. ಕೆ.ಆರ್.ಪುರ ಮತ್ತು ಮಹದೇವಪುರ ತಲಾ ಒಂದು ನಗರಸಭೆಯಾಗಿದ್ದವು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳು ಸೇರಿ ಬಿಬಿಎಂಪಿ ಆದಾಗ ನಗರಸಭೆಯ ಕಟ್ಟಡಗಳು ವಲಯ, ಉಪವಿಭಾಗದ ಕಚೇರಿಗಳಾದವು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರ ಪಾಲಿಕೆಗಳು ಹುಟ್ಟಿದವು. ಶಿವಾಜಿನಗರ, ಇಂದಿರಾನಗರದ ಕಡೆ ಕೇಂದ್ರ ಪಾಲಿಕೆಗೆ, ಕೆ.ಆರ್.ಪುರ ಮತ್ತು ಮಹದೇವಪುರ ಕ್ಷೇತ್ರಗಳು ಪೂರ್ವ ಪಾಲಿಕೆಗೆ. ಒಂದೊಂದು ಪಾಲಿಕೆಗೂ ಆಯುಕ್ತರ ಕಚೇರಿ, ಸಭಾಂಗಣ, ಲೆಕ್ಕಪತ್ರ, ಕಂದಾಯ, ಎಂಜಿನಿಯರಿಂಗ್ ವಿಭಾಗ ಬೇಕು. ಮೊದಲ ದಿನಗಳಲ್ಲಿ ಹಳೆಯ ವಲಯ ಕಚೇರಿಗಳಿಗೇ ಹೊಸ ಬೋರ್ಡು ಬಂತು. ಒಂದೇ ಕಟ್ಟಡ ಹದಿನೆಂಟು ವರ್ಷಗಳಲ್ಲಿ ನಗರಸಭೆ, ಬಿಬಿಎಂಪಿ, ನಗರ ಪಾಲಿಕೆ ಎಂಬ ಮೂರು ಧಣಿಗಳನ್ನು ಕಂಡಿತು.

ಕಡತಗಳ ಪಾಲು

ಕಚೇರಿ ಜಾಗದಲ್ಲಿ ಮನುಷ್ಯರಿಗಿಂತ ಹೆಚ್ಚು ನೆಲ ಹಿಡಿಯುವುದು ಕಾಗದ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತದ ಗಂಟುಗಳು, ಅಭಿಲೇಖಾಲಯದ ಕಬ್ಬಿಣದ ರ‍್ಯಾಕುಗಳು, ಅಲ್ಲಿ ತುಂಬಿದ ಮೇಲೆ ಕಾರಿಡಾರಿಗೆ ಬಂದ ಬೀರುಗಳು. 2010ರ ರಾಜ್ಯ ಸಾರ್ವಜನಿಕ ದಾಖಲೆಗಳ ಕಾಯ್ದೆ ಪ್ರಕಾರ ಯಾವುದನ್ನು ಎಷ್ಟು ವರ್ಷ ಇಡಬೇಕು, ಯಾವುದನ್ನು ನಾಶಪಡಿಸಬಹುದು ಎಂದು ವಿಂಗಡಿಸಬೇಕು. ವಿಂಗಡಿಸಲು ಸಹಿ ಹಾಕಿದವನು ನಾಳೆ ಹೊಣೆಗಾರ. ಹಾಗಾಗಿ ಯಾರೂ ಹಾಕುವುದಿಲ್ಲ, ಗಂಟು ಹಾಗೇ ಉಳಿಯುತ್ತದೆ. ಸಚಿವಾಲಯದ ಇ-ಆಫೀಸ್, ನೋಂದಣಿಯ ಕಾವೇರಿ-2, ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಭೂಸುರಕ್ಷಾ ಯೋಜನೆ ಇವುಗಳಿಂದ ಕಾಗದದ ಹರಿವು ತಗ್ಗಿದೆ. 2005ರಿಂದ ಬೆಂಗಳೂರು ಒನ್ ಕೇಂದ್ರಗಳು ಬಿಲ್ಲು ತೆರಿಗೆಗಳ ಸಾಲನ್ನು ಇಲಾಖೆಯ ಕೌಂಟರಿನಿಂದ ಬಡಾವಣೆಗೆ ತಂದವು.

ಕೆಲಸ ಕುಗ್ಗಿದ ಕಡೆ ಜಾಗ ಬಿಡುವಾಗುತ್ತದೆ. 2020ರ ಆರಂಭದಲ್ಲಿ ದೇಶದಾದ್ಯಂತ ಸುಮಾರು 78 ಸಾವಿರ ನೌಕರರು ಸ್ವಯಂ ನಿವೃತ್ತಿ ಪಡೆದ ಮೇಲೆ ಬಿಎಸ್‌ಎನ್‌ಎಲ್ ತನ್ನ ಟೆಲಿಫೋನ್ ಎಕ್ಸ್‌ಚೇಂಜುಗಳ ಖಾಲಿ ಮಹಡಿಗಳನ್ನು ಬಾಡಿಗೆಗೆ ಇಟ್ಟಿದೆ. ಗಟ್ಟಿ ಕಟ್ಟಡ, ಮುಖ್ಯರಸ್ತೆ, ಕಾಂಪೌಂಡು. ಅಡ್ಡರಸ್ತೆಯ ಮೂರನೆಯ ಮಹಡಿಗಿಂತ ಉಪನೋಂದಣಿ ಕಚೇರಿಗೆ ಇದು ಎಷ್ಟೋ ಮೇಲು. ಬಾಡಿಗೆಯೂ ಸಾರ್ವಜನಿಕ ಸಂಸ್ಥೆಗೇ ಹೋಗುತ್ತದೆ.

ಇದಕ್ಕೆ ಪ್ರತಿಯಾಗಿ ಬೆಳಗಾವಿಯ ಸುವರ್ಣ ವಿಧಾನಸೌಧ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದ ಈ ಭವ್ಯ ಕಟ್ಟಡ ಚಳಿಗಾಲದ ಅಧಿವೇಶನದ ಕೆಲವು ದಿನ ತುಂಬಿ ತುಳುಕುತ್ತದೆ. ರಾಜ್ಯಮಟ್ಟದ ಕಚೇರಿಗಳನ್ನು ಅಲ್ಲಿಗೆ ಕಳಿಸಬೇಕೆಂಬ ಕೂಗು ಉತ್ತರ ಕರ್ನಾಟಕದಲ್ಲಿ ಅಂದಿನಿಂದ ಇದೆ, ಆದೇಶಗಳೂ ಆಗಿವೆ. ಬೆಂಗಳೂರಿನಲ್ಲಿ ಜಾಗಕ್ಕೆ ಪರದಾಟ, ಬೆಳಗಾವಿಯಲ್ಲಿ ಜನಕ್ಕೆ ಪರದಾಟ. ಜಾಗ ಇದ್ದ ಮಾತ್ರಕ್ಕೆ ಅಧಿಕಾರಿಗಳು ಹೋಗುವುದಿಲ್ಲ. ಮಂತ್ರಿಗಳಿಂದ ದೂರ ಹೋದ ಕಚೇರಿ ತನ್ನ ತೂಕವನ್ನೂ ಕಳೆದುಕೊಳ್ಳುತ್ತದೆ ಎಂಬ ಭಯ ಅವರದು.

ಯಾವ ಸರ್ಕಾರಿ ಕಚೇರಿ ಬಾಡಿಗೆ ಕಟ್ಟಡದಲ್ಲಿದೆ, ತಿಂಗಳಿಗೆ ಎಷ್ಟು ಬಾಡಿಗೆ, ಎಷ್ಟು ಚದರ ಅಡಿ, ಲಿಫ್ಟು ರ‍್ಯಾಂಪು ಇದೆಯೇ, ಹತ್ತಿರದ ಸರ್ಕಾರಿ ಕಟ್ಟಡದಲ್ಲಿ ಎಷ್ಟು ಕೊಠಡಿ ಖಾಲಿ ಎಂಬ ವಿವರಗಳು ಗುಟ್ಟಿನ ಮಾಹಿತಿಯಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಯಾವ ನಾಗರಿಕರಾದರೂ ಇವನ್ನು ಕೇಳಿ ಪಡೆಯಬಹುದು.